ಗಾಳಿ ಯಾವಾಗ ನಿಲ್ಲುತ್ತದೆ

ಪುಂತಾ ಅರೆನಾಸಿನಲ್ಲಿ ಬೀದಿಗೆ ಹಗ್ಗ ಕಟ್ಟುತ್ತಾರೆ,
ಗಾಳಿಯ ದಿನ ಹಿಡಿದು ನಡೆಯಲು.
ನಮ್ಮ ಶಾಲೆಗೆ ಈ ವರ್ಷ ಇನ್ನೊಂದು ಹಗ್ಗ ಬಂದಿದೆ:
ಮಕ್ಕಳು ಯಾವ ಹೊತ್ತಲ್ಲೂ ಮಾತಾಡಿಸಬಹುದಾದ ಯಂತ್ರ,
ಬೆಳಗಾದರೆ ನನ್ನ ಮೇಜಿಗೆ ಬಣ್ಣದ ಪಟ್ಟಿ.
ಕೆಂಪು, ಇಂದೇ ಕರೆ. ಹಳದಿ, ಕಣ್ಣಿಡು.
ಹಸಿರು, ಬಿಡು.

ಇನ್ನೂರ ಹನ್ನೆರಡು ಮಕ್ಕಳು, ನಾನೊಬ್ಬಳು.
ಸುಳ್ಳೇಕೆ, ಹಸಿರು ಕಂಡರೆ ಉಸಿರು ಬರುತ್ತಿತ್ತು.

ಯೆರ್ಕೊ ಮಾನ್ಸಿಯ. ಏಳನೇ ತರಗತಿ. ಹಸಿರು.
ಹಾಜರಿ ಪೂರ್ತಿ, ಗಣಿತದಲ್ಲಿ ಏಳಕ್ಕೆ ಆರು.
ಆ ದಿನ ಹೀಟರ್ ಕೆಟ್ಟು ಕೋಟು ಹೊದ್ದು ಕೂತಿದ್ದೆ,
ಮಾಡಲು ಬೇರೇನೂ ಇಲ್ಲದೆ ಹಸಿರನ್ನೂ ಓದಿದೆ.

ಅಕ್ಟೋಬರ್ ಒಂಬತ್ತು, ರಾತ್ರಿ ಮೂರು ದಾಟಿ ಎಂಟು ನಿಮಿಷ:
ಗಾಳಿ ಯಾವಾಗ ನಿಲ್ಲುತ್ತದೆ?
ಹತ್ತು, ಮೂರೂಕಾಲು:
ಗಾಳಿ ಯಾವಾಗ ನಿಲ್ಲುತ್ತದೆ?
ಹನ್ನೊಂದು. ಹನ್ನೆರಡು. ಅದೇ ಮೂರು, ಅದೇ ಗಾಳಿ.
ಯಂತ್ರ ಒಂದು ಸಲವೂ ಬೇಸರಿಸಲಿಲ್ಲ:
ಗಂಟೆಗೆ ತೊಂಬತ್ತು ಕಿಲೋಮೀಟರ್, ಬೆಳಗಿನ ಹೊತ್ತಿಗೆ ಇಳಿದೀತು,
ಬೇರೇನಾದರೂ ಬೇಕೇ?
ಬೇಡ, ಥ್ಯಾಂಕ್ಸ್.
ವಿಷಯ: ಹವಾಮಾನ. ಅಪಾಯ: ಇಲ್ಲ.

ಜವಾನ ಎಲೆಯುತೇರಿಯೊ ನೆಲ ಒರೆಸುತ್ತ ಹೇಳಿದ,
ಅವರಪ್ಪ ಏಡಿ ಹಿಡಿಯೋ ದೋಣಿಯಲ್ಲಿದ್ದಾನಲ್ಲ, ಜಲಸಂಧಿಯ ಆಚೆ,
ಇಡೀ ಓಣಿಗೆ ಗೊತ್ತು.
ಇಡೀ ಓಣಿಗೆ.

ಯಂತ್ರವನ್ನು ಬೈಯಲು ಬಾಯಿ ತೆರೆದೆ, ಮುಚ್ಚಿದೆ.
ಮೂರು ಗಂಟೆಗೆ ಎದ್ದಿದ್ದದ್ದು ಅದು.
ನಾನು ಮಲಗಿದ್ದೆ.

ಕರೆದೆ, ಬಂದ. ಅಪ್ಪನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.
ಕಿಟಕಿಯ ಗಾಜು ನಡುಗುವುದನ್ನು ಇಬ್ಬರೂ ನೋಡಿದೆವು.
ಬಾಗಿಲ ಹತ್ತಿರ ಹೋಗಿ ತಿರುಗಿ ಕೇಳಿದ:
ಮಿಸ್, ಅದು ಹೇಳುವುದು ಯಾವ ಗಾಳಿ,
ಇಲ್ಲಿಯದೋ, ಅಲ್ಲಿಯದೋ?

ಬಂದರು ಕಚೇರಿಯ ನಂಬರು ಹುಡುಕಿ ಬರೆದುಕೊಟ್ಟೆ.
ಕೆಳಗೆ ನನ್ನದನ್ನೂ.

ನವೆಂಬರ್ ನಾಲ್ಕು. ಯೆರ್ಕೊ ಹಳದಿ.
ಕಾರಣ: ಆರು ರಾತ್ರಿಗಳಿಂದ ಬಳಕೆ ಇಲ್ಲ, ವಿಚಾರಿಸಿ.
ಎದೆ ಧಸಕ್ಕೆಂದು ಮೆಟ್ಟಿಲು ಹತ್ತಿ ಓಡಿದೆ.

ಕೊನೆಯ ಬೆಂಚು, ಭೂಗೋಳದ ಪಾಠ.
ಬಾಯಿ ತೆರೆದು, ನಕಾಶೆಯ ಸಮುದ್ರಕ್ಕೆ ಜೊಲ್ಲು ಸುರಿಸುತ್ತ
ಗೊರಕೆ.
ಊಟದ ಡಬ್ಬಿಯಿಂದ ಬೆಂದ ಏಡಿಯ ವಾಸನೆ.

ಮೇಷ್ಟ್ರು ಎಬ್ಬಿಸಲು ಹೊರಟರು. ಬೇಡ ಎಂದು ಕೈಸನ್ನೆ ಮಾಡಿದೆ.

ವರದಿಯ ಖಾನೆಯಲ್ಲಿ ಬರೆದೆ:
ವಿಚಾರಿಸಲಾಗಿದೆ. ಗಾಳಿ ನಿಂತಿದೆ.
ಯಂತ್ರ ಅದನ್ನು
ಹವಾಮಾನಕ್ಕೆ ಸೇರಿಸಿಕೊಂಡಿತು.