ಒಳಗೆ ಬಿಟ್ಟ ಬಟ್ಟೆ

ಜೂನ್ ಬಂತೆಂದರೆ ದುರ್ಗಿಗುಡಿಯ ಈ ಸಂದಿಯಲ್ಲಿ
ತಾಯಂದಿರ ಸಾಲು, ಕಂಕುಳಲ್ಲಿ ಯೂನಿಫಾರಂ ಗಂಟು.
ಎಲ್ಲರದೂ ಒಂದೇ ಮಾತು:
'ಬೆಳೆಯೋ ಮಗು, ಒಳಗೆ ಬಟ್ಟೆ ಬಿಟ್ಟು ಹೊಲೀರಿ, ಎಲೀಶಣ್ಣ.'
ಬಿಡುತ್ತೇನೆ. ಎರಡು ಅಂಗುಲ, ಮೂರು,
ತಂದೆಯಿಲ್ಲದ ಮಕ್ಕಳಿಗೆ ನಾಲ್ಕು.

ನನಗೂ ಒಂದು ಅಳತೆ ಪುಸ್ತಕ ಇತ್ತು.
ಗಿರಾಕಿಗಳದ್ದಲ್ಲ, ನನ್ನದು,
ದೃಢೀಕರಣವಾದ ವರ್ಷ ಕೊಂಡ ಕೆಂಪು ರಟ್ಟಿನದು.
ಇಂದು ಓದಿದ ಅಧ್ಯಾಯ: ಏಳು.
ಉಪವಾಸ: ಸಂಜೆವರೆಗೆ, ನೀರೂ ಇಲ್ಲ.
ಮೊಣಕಾಲ ಮೇಲೆ: ಮುಕ್ಕಾಲು ಗಂಟೆ.
ಬುಧವಾರದ ಕೂಟದಲ್ಲಿ ಸಾಕ್ಷಿ ಹೇಳಿದೆ, ಮೂವರು ಅತ್ತರು.
ಅತ್ತವರ ಹೆಸರೂ ಬರೆದಿದ್ದೆ.
ಎದೆ ಮೂವತ್ತೆಂಟು, ಸೊಂಟ ಮೂವತ್ತನಾಲ್ಕು ಎಂಬಂತೆ
ಆತ್ಮದ ಸುತ್ತ ಟೇಪು ಸುತ್ತಿ
ಉಸಿರೆಳೆದು ಎದೆ ಉಬ್ಬಿಸಿ ನಿಲ್ಲುತ್ತಿದ್ದೆ.
ಅಳೆಯುವವನೂ ನಾನೇ, ಅಳತೆ ಕೊಡುವವನೂ ನಾನೇ.
ಅಂಥ ಅಂಗಿ ಯಾರಿಗೆ ಸರಿಹೋದೀತು?

ಆ ಪುಸ್ತಕದಲ್ಲಿ ಬರೆಯದೇ ಬಿಟ್ಟದ್ದು ಒಂದಿದೆ.
ನಥಾನಿಯೇಲ, ನನ್ನ ಹತ್ತಿರ ಕಾಜಾ ಕಲಿತ ಹುಡುಗ,
ಎದುರುಗಡೆಯೇ ಅಂಗಡಿ ತೆರೆದ,
ನನ್ನ ರಟ್ಟಿನ ನಮೂನೆಗಳ ಸುತ್ತ ತನ್ನ ಪೆನ್ಸಿಲ್ ಓಡಿಸಿ.
ಹನ್ನೊಂದು ವರ್ಷ
ಅವನು ಎಡಗಡೆ ಬೆಂಚಿಗೆ ಬಂದರೆ ನಾನು ಬಲಗಡೆಗೆ.
ಅಯ್ಯನವರು 'ಸಮಾಧಾನ ಹಂಚಿಕೊಳ್ಳಿ' ಎಂದಾಗ
ಕನ್ನಡಕ ಒರೆಸಿಕೊಳ್ಳುತ್ತಿದ್ದೆ.
ಏಳು ಅಧ್ಯಾಯ ಓದಿದ ದಿನವೂ.

ಆಮೇಲೆ ಏನಾಯಿತೆಂದು ಕೇಳಿದರೆ
ಹೇಳಲು ನನ್ನಲ್ಲಿ ಸಾಕ್ಷಿ ಇಲ್ಲ.
ಬೆಳಕು ಬೀಳಲಿಲ್ಲ. ದನಿ ಕೇಳಲಿಲ್ಲ.
ಅಮ್ಮ ಹಾಸಿಗೆ ಹಿಡಿದಳು. ಎರಡು ವರ್ಷ
ಮೆಗ್ಗಾನ್ ಆಸ್ಪತ್ರೆಗೂ ಮನೆಗೂ ನಡೆದೆ,
ಏಳು ಅಧ್ಯಾಯ ಒಂದು ವಾಕ್ಯವಾಯಿತು,
ಒಮ್ಮೊಮ್ಮೆ ಬರೀ 'ಕರ್ತನೇ'.
ಮೊಣಕಾಲು ಮಡಚಬೇಡಿ ಎಂದರು ಡಾಕ್ಟರು.
ಕೆಂಪು ಪುಸ್ತಕ ಯಾವ ಗಂಟಿನಡಿ ಸೇರಿತೋ.
ಕುಗ್ಗಿಹೋದೆ ಎಂದುಕೊಂಡೆ. ಸಭೆಯಲ್ಲಿ ದನಿ ಇಳಿಸಿ ಹಾಡಿದೆ;
ಪಕ್ಕದವರ ಹಾಡು ಮೊದಲ ಸಲ ಕಿವಿಗೆ ಬಿತ್ತು.

ಮೊನ್ನೆ ಸಾಲೋಮಿ ಅನ್ನಕ್ಕಿಡುತ್ತ, ತಿರುಗಿಯೂ ನೋಡದೆ,
'ನೀವು ಕತ್ತರಿ ಕುಕ್ಕೋದು ಬಿಟ್ಟು ಎಷ್ಟು ದಿನ ಆಯ್ತು?' ಎಂದಳು.
ನಾನು ಕತ್ತರಿ ಕುಕ್ಕುತ್ತಿದ್ದೆನೆ?
'ಎದುರಂಗಡಿ ಮೆಟ್ಟಿಲು ಯಾರಾದ್ರೂ ಹತ್ತಿದ್ರೆ ಸಾಕು, ಕಟ್ ಅಂತ.
ಒಳಗೆ ಕೂತೇ ನಂಗೆ ಅವನ ಗಿರಾಕಿ ಲೆಕ್ಕ ಸಿಗ್ತಿತ್ತು.'
ಹೋಗಿ ಮೇಜು ನೋಡಿದೆ. ಗುಳಿ, ಗುಳಿ,
ಗುಳಿಗಳಲ್ಲಿ ಸೀಮೆಸುಣ್ಣದ ಪುಡಿ, ದಾರದ ಚೂರು.
ಹೊಸ ಗುಳಿ ಇಲ್ಲ.
ಯಾವ ದಿನ ನಿಂತಿತು? ಅವಳಿಗೂ ಗೊತ್ತಿಲ್ಲ.

ಶುಭ ಶುಕ್ರವಾರದ ಹಿಂದಿನ ವಾರ ನಥಾನಿಯೇಲನ ಮೋಟಾರು ಸುಟ್ಟಿತ್ತು,
ಹಾಡುವವರ ಹನ್ನೆರಡು ನಿಲುವಂಗಿ ಬಾಕಿ.
ನನ್ನ ಹಳೇ ಮಿಷನ್ ಹೊತ್ತು ರಸ್ತೆ ದಾಟಿದ್ದೆ.
ದಾರಿಯುದ್ದ ತಲೆಯಲ್ಲಿದ್ದದ್ದು ಬಾಬಿನ್ ಕೇಸು ಮಾತ್ರ,
ಸ್ವಲ್ಪ ಸಡಿಲ ಇತ್ತು ಅದು.
ಹಾಗೆಂದು ಇದನ್ನು ಬರೆಯಲು ಕೂತರೆ
ಮತ್ತೆ ಟೇಪು ಸುತ್ತಿದ ಹಾಗೆ. ಬೇಡ.
ಅಲ್ಲದೆ ನಿನ್ನೆ ತಾನೇ, ಕಾಜಾ ಸೊಟ್ಟ ಆಯಿತೆಂದು
ಹುಡುಗ ಬೆನ್ಯಾಮೀನನ ಮೇಲೆ ರೇಗಿದೆ;
ಊಟದ ಡಬ್ಬಿ ಮುಚ್ಚಿ ಕೂತುಬಿಟ್ಟ.
ಕ್ಷಮೆ ಕೇಳಲು ಈ ಸಲ ಹನ್ನೊಂದು ವರ್ಷ ಬೇಕಾಗಲಿಲ್ಲ.
ಒಂದು ಮಧ್ಯಾಹ್ನ ಬೇಕಾಯಿತು.

ಇವತ್ತು ಹೊಸಮನೆಯ ಹುಡುಗಿ ಹೋದ ವರ್ಷದ ಲಂಗ ತಂದಳು.
'ಬಟ್ಟೆ ಕುಗ್ಗಿದೆ, ನೀವು ಮೋಸ ಮಾಡಿದೀರ' ಎಂದು ಜಗಳ.
ಲಂಗದ ಕೆಳಗೆ ಗೇಣುದ್ದ ಕಾಲು.
ನಗು ತಡೆದು ಒಳಮಡಿಕೆ ಬಿಚ್ಚಿದೆ.
ಬಿಸಿಲು ಕಾಣದ ನೀಲಿ, ಮೂರು ಅಂಗುಲ,
ಥಾನಿನಿಂದ ಕತ್ತರಿಸಿದ ದಿನದಷ್ಟೇ ನೀಲಿ.
ಹಳೇ ಮಡಿಕೆಯ ಗೆರೆ ಮಾತ್ರ ಇಸ್ತ್ರಿಗೂ ಜಗ್ಗಲಿಲ್ಲ.
'ಗೆರೆ ಕಾಣುತ್ತಲ್ಲ, ಅಂಕಲ್?'
ಕಾಣುತ್ತೆ ಮಗಳೇ. ಹಾಕ್ಕೋ.