ನಲವತ್ತೆರಡು ಕುಂಡಗಳ ಆಫ್ರಿಕಾ

ಶೇಷಾದ್ರಿಪುರದ ಒಂದು ಮಹಡಿ ಕೋಣೆ, ಭಾನುವಾರ,
ಗೋಡೆಗೆ ಬಿಗಿದ ಬಿಳಿ ಪಂಚೆ,
ಇಪ್ಪತ್ತು ಕುರ್ಚಿ, ನನ್ನನ್ನೂ ಸೇರಿಸಿ ಒಂಬತ್ತು ಜನ.
ರೀಲಿನ ಡಬ್ಬಿಯ ಮೇಲೆ ಹೆಸರು ತುಕ್ಕು ತಿಂದು
ಉಳಿದಿರುವುದು ‘...ದ ರಹಸ್ಯ’ ಅಷ್ಟೇ.
ಯಾವುದರ ರಹಸ್ಯವೋ,
ಈಗ ಅದೂ ಒಂದು ರಹಸ್ಯ.

‘ಇದು ಆಫ್ರಿಕಾ’ ಎನ್ನುತ್ತದೆ ಹಿನ್ನೆಲೆಯ ದನಿ.
ಅಲ್ಲ, ಸಿದ್ದಾಪುರದ ಹಿಂದೆ ಮುಚ್ಚಿಹೋಗಿದ್ದ ಹೆಂಚಿನ ಮಂಡಿ.
ಈಟಿ ಹಿಡಿದು ಕುಣಿಯುವವರು ಮಿಲ್ಲಿನ ಎರಡನೇ ಪಾಳಿಯವರು,
ಒಬ್ಬ ಕೈಗಡಿಯಾರ ಬಿಚ್ಚುವುದನ್ನೇ ಮರೆತಿದ್ದಾನೆ.
ಹುಲಿ ಸರ್ಕಸ್ಸಿನದು, ಹಲ್ಲಿಲ್ಲದ ಮುದುಕಿ,
ಘರ್ಜಿಸು ಎಂದರೆ ಆಕಳಿಸಿತು.
ಆ ಆಕಳಿಕೆಗೇ ಘರ್ಜನೆ ಅಂಟಿಸಿದ್ದಾರೆ.
ಆಫ್ರಿಕಾದಲ್ಲಿ ಹುಲಿ ಎಲ್ಲಿಂದ ಬಂತು
ಎಂದು ಅಂದು ಯಾರೂ ಕೇಳಲಿಲ್ಲ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾಡು ಮಾತ್ರ ಅಪ್ಪನದು.
ಲಾಲ್‌ಬಾಗಿನ ಮಾಲಿ ಮುನಿಯಲ್ಲಪ್ಪ
ರಾತ್ರಿ ಹತ್ತಕ್ಕೆ ಕೈಗಾಡಿಗೆ ಕಾಡು ಹೇರುತ್ತಿದ್ದ:
ಜರಿಗಿಡ, ಬೆತ್ತ, ಬೀಸಣಿಗೆ ತಾಳೆ, ಕಲ್ಲುಬಾಳೆ,
ಎಣಿಸಿ ನಲವತ್ತೆರಡು ಕುಂಡ.
ಹಿಂದೆ ನಾನು, ನೀರಿನ ಡಬ್ಬಿ ಹಿಡಿದು, ನಿದ್ದೆಗಣ್ಣಲ್ಲಿ.
ಬೆಳಿಗ್ಗೆ ಏಳಕ್ಕೆ ಸೂಪರಿಂಟೆಂಡೆಂಟರ ಸೈಕಲ್ಲು
ಗಾಜಿನಮನೆ ಸುತ್ತುವುದರೊಳಗೆ
ಆಫ್ರಿಕಾ ವಾಪಸು ಬಂದು ಸಾಲಾಗಿ ನಿಂತಿರಬೇಕು.

ಅಗೋ ಆ ಜರಿಗಿಡ, ನದಿಯ ದಂಡೆಯಲ್ಲಿ.
ಅದೇ ಗಿಡ ಗುಹೆಯ ಬಾಯಲ್ಲಿ,
ಅದೇ ರಾಣಿಯ ಸಿಂಹಾಸನದ ಬಲಕ್ಕೆ.
ನಾಯಕಿಗಿಂತ ಹೆಚ್ಚು ಹೊತ್ತು ಅದೇ ಕಾಣಿಸಿಕೊಂಡಿದೆ.

ಕಥೆ ಮೊದಲು ಬೇರೆ ಇತ್ತಂತೆ, ನಿಧಿ, ನಕ್ಷೆ, ಒಬ್ಬ ಪ್ರೊಫೆಸರು.
ಪ್ರೊಫೆಸರೆಂದರೆ ಕಾಕ್ಸ್‌ಟೌನಿನ ಸಿರಿಲ್ ವೆಸ್ಟ್‌ಕಾಟ್,
ರೈಲ್ವೆ ಗಾರ್ಡು, ಬೆಕ್ಕಿನ ಕಣ್ಣು, ಶಿಕಾರಿ ಟೋಪಿ ಸ್ವಂತದ್ದು.
ಒಂದು ಸೋಮವಾರ ಬರಲಿಲ್ಲ.
ಹೆಂಡತಿ, ಮಕ್ಕಳು, ಪಿಯಾನೋ ಸಮೇತ
ಆಸ್ಟ್ರೇಲಿಯಾದ ಹಡಗು ಹತ್ತಿದ್ದ, ಟೋಪಿಯೊಂದನ್ನು ಬಿಟ್ಟು.
ಸೀಮೆಎಣ್ಣೆ ಮಾರಿ ಸಿನಿಮಾಕ್ಕೆ ಇಳಿದಿದ್ದ ನಿರ್ಮಾಪಕ
ಮಧ್ಯಾಹ್ನದವರೆಗೆ ತಲೆ ಮೇಲೆ ಕೈ ಹೊತ್ತಿದ್ದು ಎದ್ದು ಹೇಳಿದನಂತೆ:
‘ಹೋದ್ನಾ? ಹೋಗ್ಲಿ ಬಿಡ್ರಿ.
ಕಾಡಲ್ಲಿ ಕಳೆದುಹೋದ ಅಂತ ಮಾಡಿ.
ಉಳಿದವರೆಲ್ಲ ಹುಡುಕ್ರಿ.’

ಹಾಗಾಗಿ ಒಂದೂವರೆ ಗಂಟೆ ಹುಡುಕುತ್ತಾರೆ.
‘ಪ್ರೊಫೆಸರ್! ಪ್ರೊಫೆಸರ್!’ ಎಂದು ಕೂಗುತ್ತ
ನಲವತ್ತೆರಡು ಕುಂಡಗಳನ್ನೇ ಸುತ್ತುತ್ತಾರೆ.

ಕಡೆಗೆ ಸಿಗಲೇಬೇಕಲ್ಲ,
ಟಿಕೆಟು ಕೊಂಡ ಜನ ಸುಮ್ಮನಿರುತ್ತಾರೆಯೇ.
ಆ ಶೂಟಿಂಗಿನ ರಾತ್ರಿ ನನಗೆ ಜ್ವರ, ನಾನು ಹೋಗಿರಲಿಲ್ಲ.
ಹುಲಿಯ ಆಕಳಿಕೆಯವರೆಗೆ ಎಲ್ಲ ಹೇಳಿದ್ದ ಅಪ್ಪ
ಇದನ್ನು ಹೇಳಿರಲಿಲ್ಲ.

ಪಂಚೆಯ ಮೇಲೆ ಹೊಗೆ, ಹೊಗೆಯಲ್ಲಿ ಒಂದು ಬೆನ್ನು.
ಸಿರಿಲ್‌ನ ಟೋಪಿ. ಯಾರದೋ ಖಾಕಿ ಅಂಗಿ.
ಎಡಹೆಗಲು ಒಂದು ಬೆರಳಷ್ಟು ಕೆಳಗೆ.

ಗೋಡೆಯಲ್ಲಿರುವ ಫೋಟೋ ನೌಕರಿಯ ಚೀಟಿಯದು,
ಅದರಲ್ಲಿರುವವನು ಹೆದರಿದ ಬೇರೆ ಯಾರೋ.
ಈ ಬೆನ್ನು ನನಗೆ ಗೊತ್ತು.
ಎಷ್ಟು ರಾತ್ರಿ ಇದರ ಹಿಂದೆಯೇ ನಡೆದಿದ್ದೇನೆ,
ದಾರಿಯನ್ನಲ್ಲ, ಇದನ್ನೇ ನೋಡುತ್ತ.

‘ಪ್ರೊಫೆಸರ್, ನೀವು ಬದುಕಿದ್ದೀರಾ!’
ನಾಯಕಿ ಓಡಿ ಬರುತ್ತಾಳೆ.
ಬೆನ್ನು ತಿರುಗುವುದಿಲ್ಲ.
ಕೈಯೊಂದು ಮಾತ್ರ, ಯಾವ ನಿರ್ದೇಶಕನೂ ಹೇಳಿಕೊಟ್ಟದ್ದಲ್ಲ,
ಪಕ್ಕದ ಜರಿಗಿಡದಿಂದ
ಒಣಗಿದ ಗರಿಯೊಂದನ್ನು ಚಿವುಟಿ
ಜೇಬಿಗೆ ಹಾಕಿಕೊಳ್ಳುತ್ತದೆ.

ದೀಪ ಹಾಕಿದರು.
‘ಕೊನೆಗೂ ಮುಖ ತೋರಿಸಲಿಲ್ಲ ನೋಡಿ ಆಂಟಿ,
ಕಾಸಿಲ್ಲದ ಚಿತ್ರ’ ಎಂದ ಪಕ್ಕದ ಹುಡುಗ.

ಹೌದಪ್ಪ, ಎಂದೆ.
ಏಳಾಗುವುದರೊಳಗೆ
ಎಲ್ಲ ವಾಪಸು ಇಡಬೇಕಿತ್ತಲ್ಲ.