ಒಂದೆರಡು ಕಡೆ

ಮುಂಜಾನೆ ಎಂಟೂವರೆ.
ಬಿಳಿ ಪೆಟ್ಟಿಗೆಯ ಬಾಗಿಲು ಉತ್ತರಕ್ಕೆ ತೆರೆಯುತ್ತದೆ,
ಸೂರ್ಯ ಒಳಗೆ ಇಣುಕಬಾರದೆಂದು.
ನಾಲ್ಕು ಗಾಜಿನ ಕಡ್ಡಿ. ಒಂದರ ಬುಡಕ್ಕೆ ಮಾತ್ರ
ಮಲ್ಲಿನ ಚಿಂದಿ, ನಾಲ್ಕೆಳೆ ನೂಲಿನ ಬಾಲ,
ಬಾಲದ ತುದಿ ನೀರಿನ ಡಬ್ಬಿಯಲ್ಲಿ.
ಜ್ವರ ಬಂದ ಕೂಸಿನ ಹಣೆಪಟ್ಟಿಯ ಹಾಗೆ
ಎಂದು ಬರೆಯುವಂತಿಲ್ಲ ನಾನು;
ವಹಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಒಣದು ಇಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು.
ಒದ್ದೆಯದು ಹತ್ತೊಂಬತ್ತು.
ನಡುವಿನ ಹತ್ತು ಚಿಲ್ಲರೆ ಡಿಗ್ರಿಯಲ್ಲಿ
ಗದಗಿನ ತುಟಿ ಒಡೆಯುತ್ತದೆ.

ಕಾರವಾರದಿಂದ ಪೆಡ್ನೇಕರ ಫೋನು:
ಎಂಬತ್ತಾರು ಶೇಕಡಾ ಮಾರಾಯ,
ಅಂಗಿ ಹಿಂಡಿದರೆ ಒಂದು ಲೋಟ.
ಕಲಬುರಗಿಯ ಖಾಜಾಮಿಯಾ:
ನಲವತ್ತೊಂದ್ ಆಗ್ಯಾದ ಸರ್,
ಪಾರಾ ಮ್ಯಾಲ ಹತ್ತಿ ಕುಂತದ, ಇಳಿ ಅಂದ್ರೂ ಇಳಿವಲ್ದು.
ಆಮೇಲೆ ಬೆಂಗಳೂರಿನ ಮುನ್ಸೂಚನೆ, ಪ್ರತಿ ಮಾರ್ಚಿನ ಅದೇ ದನಿಯಲ್ಲಿ:
ಕರಾವಳಿಯಲ್ಲಿ ಸೆಕೆ,
ದಕ್ಷಿಣ ಒಳನಾಡಿನಲ್ಲಿ ಭಾಗಶಃ ಮೋಡ,
ಉತ್ತರ ಒಳನಾಡಿನ ಒಂದೆರಡು ಕಡೆ
ಗುಡುಗು ಸಹಿತ ಹಗುರ ಮಳೆ.

ಬ್ಯಾಡಗಿಯಿಂದ ಅಕ್ಕನ ಮಗ ಫಕ್ಕೀರೇಶ,
ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ:
ಮಾಮಾ, ಒಂದೆರಡ ಕಡೆ ಅಂದ್ರ ಎಲ್ಲಿ?
ಒಂದು ಯಾವ್ದು, ಎರಡನೇದು ಯಾವ್ದು?
ಅಂಗಳದಾಗ ಎಂಟ್ನೂರು ಚೀಲದ ಮಾಲು ಹರವೇವಿ,
ತಾಡಪಾಲು ಇರೂದು ಮೂರು.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ
ಇದಕ್ಕೊಂದು ಉತ್ತರ ಸಿಕ್ಕಿಲ್ಲ.
ಪರದೆಯ ಮೇಲೆ ಮೋಡ ಹೆಬ್ಬೆರಳಿನಷ್ಟು,
ಹೆಬ್ಬೆರಳಿಟ್ಟರೆ ನರಗುಂದದಿಂದ ರಾಣೆಬೆನ್ನೂರು ಮುಚ್ಚುತ್ತದೆ.
ಹೊದಿಸಿಬಿಡಪ್ಪಾ, ಎಂದೆ.
ಎಲ್ಲಕ್ಕೂ? ಎಂದ.
ನಾನು ಸುಮ್ಮನಾದೆ.

ಹಳಿ ದಾಟಿದರೆ ಬೆಟಗೇರಿ. ಅಲ್ಲಿ ಗೋದಾವರಕ್ಕ
ಮುನ್ಸೂಚನೆ ಕೇಳುವುದಿಲ್ಲ, ಮಗ್ಗ ಕೇಳುತ್ತಾಳೆ.
ಇವತ್ತ ಹದಿನೇಳು ಸಲ ಎಳಿ ಹರೀತ್ರಿ, ಅನ್ನುತ್ತಾಳೆ,
ಮಗ್ಗದ ಕುಣಿಗೆ ನೀರು ಚಿಮುಕಿಸುತ್ತಾ.
ಅದನ್ನೂ ಬರೆದಿಟ್ಟಿದ್ದೇನೆ, ವಹಿಯ ಹಿಂದಿನ ರಟ್ಟಿನ ಮೇಲೆ
ಪೆನ್ಸಿಲ್ಲಿನಲ್ಲಿ, ಯಾರೂ ಕೇಳದ ಹನ್ನೊಂದು ಬೇಸಿಗೆ.
ಗಾಜಿನ ಕಡ್ಡಿಯೂ ಅವಳ ಎಳೆಯೂ
ಇದುವರೆಗೆ ಜಗಳವಾಡಿದ್ದು ಎರಡೇ ದಿನ.
ಎರಡೂ ಸಲ ತಪ್ಪು ಕಡ್ಡಿಯದು; ಚಿಂದಿ ಒಣಗಿತ್ತು.

ನಾಲ್ಕರ ಸುಮಾರಿಗೆ ಕಪ್ಪತಗುಡ್ಡದ ಕಡೆ
ಗಾಳಿ ಮಗ್ಗಲು ಬದಲಿಸಿತು. ದೂಳು. ಒಂದು ಪ್ಲಾಸ್ಟಿಕ್ ಚೀಲ
ಬೇಲಿ ಹಾರಿ ಬಂದು ಮಳೆಮಾಪಕಕ್ಕೆ ಸಿಕ್ಕಿಕೊಂಡಿತು.
ತೆಗೆದು, ಹತ್ತಿರವೇ ನಿಂತೆ, ಬರಿದಲೆಯಲ್ಲಿ,
ನೆಂಟರಿಗೆ ಕಾಯುವವನ ಹಾಗೆ.
ವಾಸನೆ ಬಂತು.
ವಾಸನೆ ಮಾತ್ರ ಬಂತು.

ಹನ್ನೊಂದು ನಿಮಿಷ ಸುರೀತ್ರಿ ನಮ್ಮ ಓಣ್ಯಾಗ,
ಸಂಜೆ ಗೋದಾವರಕ್ಕ ಬಾಗಿಲಲ್ಲಿ, ಸೆರಗು ಹಿಂಡುತ್ತಾ.
ಗಂಜಿ ಬಳಿದು ಹಾಸು ಎಳೆದು ನಿಲ್ಲಿಸಿದ್ದೆ,
ನಾಕ ಸೀರಿದು. ಗಂಜೆಲ್ಲಾ ತೊಳದು ಗಟಾರಕ್ಕ ಹೋತು,
ನಾಯಿ ನೆಕ್ಕಾಕ ಹತ್ತಿದ್ವು.
ಬೈಯುತ್ತಾಳೆಂದು ತಲೆ ತಗ್ಗಿಸಿದೆ, ಮಳೆ ನನ್ನದೆಂಬಂತೆ.
ಅವಳು ನಕ್ಕಳು:
ಹೋಗ್ಲಿ ಬಿಡ್ರಿ. ನಾಳೆ ಒಂದಿನ ಎಳಿ ಹರಿಯಂಗಿಲ್ಲ.

ಬ್ಯಾಡಗಿಯಲ್ಲಿ ಒಂದು ಹನಿಯೂ ಇಲ್ಲವಂತೆ.
ಹತ್ತು ಹಮಾಲರಿಗೆ ಎರಡು ಪಾಳಿಯ ಕೂಲಿ ಕೊಟ್ಟು
ಮಾಲೆಲ್ಲ ಒಳಗೆ ಎಳೆದ ಫಕ್ಕೀರೇಶ
ಫೋನು ಮಾಡಲಿಲ್ಲ.

ಮುಂಜಾನೆ ಎಂಟೂವರೆ. ಮಳೆಮಾಪಕದ ಡಬ್ಬಿಯೊಳಗೆ
ಒಂದು ಇರುವೆ, ದಾರಿ ತಪ್ಪಿದ್ದು.
ನನ್ನ ಡಬ್ಬಿಗೆ ಬಿದ್ದರೆ ಮಳೆ, ಇಲ್ಲವಾದರೆ ಇಲ್ಲ; ನಿಯಮ.
ಬರೆದೆ: ಸೊನ್ನೆ ಪಾಯಿಂಟ್ ಸೊನ್ನೆ.
ಮಧ್ಯಾಹ್ನದ ಹೊತ್ತಿಗೆ ರಾಜ್ಯಕ್ಕೆಲ್ಲ ಗೊತ್ತಾಗುತ್ತದೆ,
ಗದಗದಲ್ಲಿ ಒಣಹವೆ.

ಇವತ್ತು ವಾರದ ಚಿಂದಿ ಬದಲಿಸುವ ದಿನ.
ನಿನ್ನೆ ಅವಳು ಕೈಗೆ ಕೊಟ್ಟು ಹೋದ
ನೆಂದ ಹಾಸಿನ ನಾಲ್ಕು ಎಳೆ, ಇನ್ನೂ ತಂಪು,
ಗಂಜಿಯ ವಾಸನೆ ಹೋಗುವವರೆಗೆ ಕುದಿಸಿ
ಕಡ್ಡಿಯ ಬುಡಕ್ಕೆ ಕಟ್ಟಿದೆ, ತುದಿ ನೀರಿಗೆ ಇಳಿಬಿಟ್ಟೆ,
ಕಾಲು ಗಂಟೆ ಕಾದೆ.

ಒದ್ದೆಯದು: ಇಪ್ಪತ್ತೊಂದು ಪಾಯಿಂಟ್ ಎರಡು.
ಕನ್ನಡಕ ಒರೆಸಿ
ಇನ್ನೊಮ್ಮೆ ನೋಡಿದೆ.